ಮ್ಯಾಗ್ನೀಸಿಯಂ ಬೆಳಕಿನಲ್ಲಿ ತೆಗೆದ ಫೋಟೋ

ವಿಜ್ಞಾನ ಕಲಿಸುವ ಮಾಸ್ತರನಿಗೆ ಸತ್ತವರು ಕಾಣಿಸಬಾರದು. ಕಂಡರೂ ಅವನು ಅದನ್ನು ಬಾಯಿ ಬಿಟ್ಟು ಹೇಳಬಾರದು. ಗೋಕಾಕದ ಹೈಸ್ಕೂಲಿನಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿದ ನಾನು ಎರಡನೆಯ ನಿಯಮವನ್ನು ಚೆನ್ನಾಗಿಯೇ ಪಾಲಿಸಿದೆ. ಮೊದಲನೆಯದು ನನ್ನ ಕೈಯಲ್ಲಿರಲಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಲೋಹಗಳು ಗಾಳಿಯಲ್ಲಿ ಉರಿಯುವ ಪಾಠ ಬರುತ್ತಿತ್ತು. ಆ ದಿನ ನನ್ನ ಹೆಂಡತಿ ತರಗತಿಗೆ ಬರುತ್ತಿದ್ದಳು.

ನಮ್ಮ ಜನ ವರ್ಷದ ತಿಥಿ ಮಾಡುವುದಿಲ್ಲ. ಸತ್ತವರು ಲಿಂಗೈಕ್ಯರಾದರು ಅಂದ ಮೇಲೆ ಮತ್ತೆ ಅವರನ್ನು ಕರೆಯುವುದೇಕೆ ಎಂಬುದು ಹಿರಿಯರ ಮಾತು. ನನಗೂ ಅದು ಸರಿಯೆನಿಸುತ್ತಿತ್ತು. ಆದರೆ ಮುಂಬೈ ಇಲಾಖೆಯ ಪಠ್ಯಕ್ರಮಕ್ಕೆ ನಮ್ಮ ಆಚಾರ ಗೊತ್ತಿರಲಿಲ್ಲ. ಅದು ಪ್ರತಿ ವರ್ಷ ನನ್ನ ಕೈಯಿಂದಲೇ ಅವಳ ಹೆಸರಿನ ದೀಪವನ್ನು ಹಚ್ಚಿಸುತ್ತಿತ್ತು.

ಪಾಠ ಬಹಳ ಸಣ್ಣದು. ಮ್ಯಾಗ್ನೀಸಿಯಂ ಎಂಬ ಲೋಹ ತೆಳ್ಳನೆಯ ಪಟ್ಟಿಯಾಗಿ ಸುರುಳಿ ಸುತ್ತಿಕೊಂಡು ತಗಡಿನ ಡಬ್ಬಿಯಲ್ಲಿ ಬರುತ್ತದೆ. ನೋಡಲು ಮಬ್ಬು ಹಿಡಿದ ಬೆಳ್ಳಿಯ ಎಳೆಯ ಹಾಗೆ. ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ದೀಪದ ಉರಿಗೆ ಒಡ್ಡಿದರೆ ಮೊದಲು ಏನೂ ಆಗುವುದಿಲ್ಲ. ಹುಡುಗರು ಕಿಸಕ್ಕನೆ ನಗುತ್ತಾರೆ. ಅಷ್ಟರಲ್ಲಿ ಅದು ಹೊತ್ತಿಕೊಳ್ಳುತ್ತದೆ. ಕೆಂಪಲ್ಲ, ಹಳದಿಯಲ್ಲ, ನಾವು ಮನೆಯಲ್ಲಿ ಕಂಡ ಯಾವ ಬೆಂಕಿಯೂ ಅಲ್ಲ, ಬರೀ ಬಿಳುಪು. ಗೋಡೆಯ ಬಿರುಕು, ಹುಡುಗರ ಹುಬ್ಬಿನ ಕೂದಲು, ಮೂಲೆಯ ಜೇಡ, ಎಲ್ಲವೂ ಒಮ್ಮೆಲೆ ಮುಖಕ್ಕೆ ರಾಚುತ್ತವೆ. ಆರಿದಾಗ ಇಕ್ಕಳದ ತುದಿಯಲ್ಲಿ ಬೆಳ್ಳಗಿನ ಬೂದಿ ಉಳಿದಿರುತ್ತದೆ. ತೂಗಿ ನೋಡಿದರೆ ಆ ಬೂದಿ ಮೊದಲಿನ ಲೋಹಕ್ಕಿಂತ ಭಾರ. ಸುಟ್ಟದ್ದು ಹಗುರವಾಗಬೇಕಲ್ಲ ಎಂದು ಪ್ರತಿ ವರ್ಷವೂ ಯಾರಾದರೊಬ್ಬ ಜಗಳಕ್ಕೆ ನಿಲ್ಲುತ್ತಿದ್ದ. ಉರಿಯುವಾಗ ಅದು ಗಾಳಿಯನ್ನು ಹಿಡಿದುಕೊಂಡಿತು, ಇನ್ನು ಬಿಡುವುದಿಲ್ಲ, ಆ ಗಾಳಿಯ ಭಾರವೇ ಇದು ಎಂದು ನಾನು ಹೇಳುತ್ತಿದ್ದೆ. ಬೂದಿಯ ಮೇಲೆ ಒಂದು ಹನಿ ನೀರು ಬಿಟ್ಟು ಮೂಸಲು ಕೊಟ್ಟರೆ ಕುದುರೆ ಲಾಯದ ವಾಸನೆ ಸಣ್ಣಗೆ ಬರುತ್ತದೆ. ಗಾಳಿಯಲ್ಲಿ ಯಾರ ಗೊಡವೆಗೂ ಹೋಗದೆ ಸುಮ್ಮನಿರುವ ನೈಟ್ರೋಜನ್ನನ್ನೂ ಈ ಲೋಹ ಬಿಟ್ಟಿಲ್ಲ ಎಂಬುದಕ್ಕೆ ಅದು ಸಾಕ್ಷಿ.

"ಉರಿ ನೋಡಬ್ಯಾಡ್ರಿ, ಕಣ್ಣಿಗೆ ಕೆಟ್ಟ. ಬಾಜೂಕ ನೋಡ್ರಿ," ಎಂದು ಮೊದಲೇ ಗದರಿಸುತ್ತಿದ್ದೆ. ನಾನೂ ಉರಿ ನೋಡುತ್ತಿರಲಿಲ್ಲ. ಹಿಂದಿನ ಗೋಡೆ ನೋಡುತ್ತಿದ್ದೆ. ಅಲ್ಲಿ ಅವಳು ಗೋಡೆಗೊರಗಿ ಕುಳಿತಿರುತ್ತಿದ್ದಳು, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಪಟ್ಟಿ ಆರಿದ ಮೇಲೂ ಸ್ವಲ್ಪ ಹೊತ್ತು ಕಣ್ಣಿನಲ್ಲಿ ಕಪ್ಪಾಗಿ ಉಳಿದು, ಆಮೇಲೆ ಹೋಗುತ್ತಿದ್ದಳು. ಜೋರಾದ ಬೆಳಕು ಕಂಡ ಕಣ್ಣಿನಲ್ಲಿ ನೆರಳು ಉಳಿಯುವುದು ಹೇಗೆಂದು ನಾನೇ ಹಲವು ಸಲ ಹುಡುಗರಿಗೆ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ತಿಳಿಸಿದ್ದೇನೆ. ತಿಳಿಸಿದ್ದರಿಂದ ನನಗೇನೂ ಉಪಯೋಗವಾಗಲಿಲ್ಲ. ಆ ಪಾಠ ಹತ್ತಿರ ಬಂದರೆ ನನಗೆ ಊಟ ಸೇರುತ್ತಿರಲಿಲ್ಲ. ಹೆದರಿಕೆಯಿಂದಲೋ ಆಸೆಯಿಂದಲೋ ಕೇಳಿದರೆ, ಎರಡೂ ಹೌದು.

ಅವಳ ಒಂದೇ ಒಂದು ಫೋಟೋ ಇತ್ತು. ನಮ್ಮ ಮಗಳು ದೊಡ್ಡವಳಾಗಿ ಹೈಸ್ಕೂಲು ಸೇರಿದರೂ ಅದನ್ನು ಕಂಡಿರಲಿಲ್ಲ. ತಾಯಿಯ ಮುಖ ಹೇಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ನಾನು ಬರೆಯಹೊರಟಿರುವುದು ಅದನ್ನೇ.

ನನ್ನ ಹೆಂಡತಿಯ ತವರು ಮೂಡಲಗಿ. ಚೊಚ್ಚಲ ಹೆರಿಗೆಗೆ ಅಲ್ಲಿಗೆ ಹೋಗಿದ್ದಳು. ಹೆಣ್ಣು ಕೂಸು ಹುಟ್ಟಿದೆ ಎಂಬ ಸುದ್ದಿ ಬಂತು, ಸಕ್ಕರೆ ಹಂಚಿದೆ. ಆ ವಾರ ಕಳೆಯುವ ಮೊದಲೇ, ತರಗತಿಯಲ್ಲಿ ಮ್ಯಾಗ್ನೀಸಿಯಂ ಸುರುಳಿ ಬಿಚ್ಚುತ್ತ ನಿಂತಿದ್ದಾಗ, ಬಾಗಿಲಲ್ಲಿ ಮೂಡಲಗಿಯ ಆಳು ಕಾಣಿಸಿದ. ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸನ್ನಿ, ಬಾಣಂತಿಯರಿಗೆ ಬರುವ ಕೆಟ್ಟ ಜ್ವರ. ಸುರುಳಿಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಅವನ ಚಕ್ಕಡಿ ಹತ್ತಿದೆ. ಅದು ಜೇಬಿನಲ್ಲಿದೆ ಎಂಬ ಅರಿವೂ ನನಗಿರಲಿಲ್ಲ.

ಮೂಡಲಗಿಯ ಮನೆ ದಪ್ಪ ಮಣ್ಣಿನ ಗೋಡೆಯದು. ಕಿಟಕಿಗಳು ಸಣ್ಣವು, ಹೊರಗೆ ಮಳೆ ಹಿಡಿದಿತ್ತು, ಮಧ್ಯಾಹ್ನವೇ ಒಳಗೆ ಸಂಜೆಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮಣ್ಣಿಗೆ ಕೊಡುವುದೂ ಕುಳಿತಂತೆಯೇ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ಹಾದು ಬಂದ ಬಟ್ಟೆಯ ಪಟ್ಟಿಯನ್ನು ಗೋಡೆಯ ಗೂಟಕ್ಕೆ ಕಟ್ಟಿ, ಹೂವು ಮುಡಿಸಿ, ಅವಳನ್ನು ಕೂರಿಸಿದ್ದರು. ಬಾಗಿಲಲ್ಲಿ ನಿಂತ ನನಗೆ ಮೊದಲ ಕ್ಷಣ ಅನಿಸಿದ್ದು, ಆರಾಮ ಇದ್ದಾಳಲ್ಲ, ಎದ್ದು ಕುಳಿತಿದ್ದಾಳಲ್ಲ ಎಂದು. ಆ ಒಂದು ಕ್ಷಣಕ್ಕೆ ನಾನು ಇವತ್ತಿಗೂ ದೇವರನ್ನು ಬೈಯುತ್ತೇನೆ.

ನಮ್ಮ ಅತ್ತೆ, ಅವಳ ತಾಯಿ, ಅಳುತ್ತಿರಲಿಲ್ಲ. ಗಂಡನಿಲ್ಲದೆ ಹೊಲಮನೆ ನೋಡಿಕೊಂಡ ಹೆಂಗಸು, ಮಾತು ಕಡಿಮೆ, ಹಟ ಜಾಸ್ತಿ. ನಾನು ಬರುವ ಮೊದಲೇ ಗೋಕಾಕದ ಫೋಟೋದವರಿಗೆ ಹೇಳಿ ಕಳಿಸಿದ್ದಳು. ಸತ್ತವರ ಫೋಟೋ ತೆಗೆಯುವುದು ಆ ಕಾಲದಲ್ಲಿ ಅವರ ಅರ್ಧ ಕಸುಬಾಗಿತ್ತು. ಬದುಕಿರುವಾಗ ಫೋಟೋಗೆ ಕೂರಲು ಯಾರಿಗೆ ಪುರಸೊತ್ತು? ಹಳ್ಳ ತುಂಬಿದ್ದರಿಂದ ಅವರು ತಡವಾಗಿ ಬಂದರು. ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ಹಾಕಿದರು.

"ಬೆಳಕ ಸಾಲೂದಿಲ್ರಿ, ಖರೆ ಅಡ್ಡಿ ಇಲ್ಲ," ಎಂದರು. "ಕ್ಯಾಮೆರಾದ ಮುಚ್ಚಳ ಭಾಳ ಹೊತ್ತು ತಗದಿಟ್ರ ಆತು. ಅವರೇನ ಅಲಗಾಡಂಗಿಲ್ಲ."

"ಅಕಿ ಒಬ್ಬಾಕಿದ ಅಲ್ರಿ," ಎಂದಳು ಅತ್ತೆ. "ಕೂಸಿನ್ನ ಅಕಿ ತೊಡಿ ಮ್ಯಾಲ ಇಡತೇನಿ. ನಾಳೆ ಅದು ನಮ್ಮವ್ವ ಯಾರು ಅಂತ ಕೇಳಿದ್ರ ನಾ ಏನ ತೋರಸ್ಲಿ?"

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಹುಕ್ಕೇರಿಯಿಂದ ನನ್ನ ತಾಯಿಯೂ ಬಂದಿದ್ದಳು. "ಹಸಿ ಕೂಸಿನ್ನ ಹೆಣದ ಮ್ಯಾಲ ಇಡತಾರೇನ? ತೆಲಿ ಗಿಲಿ ಕೆಟ್ಟೈತೇನ ನಿಮಗ?" ಎಂದು ನನ್ನ ತಾಯಿ ಕೂಗಿದಳು. ಅತ್ತೆ ಮೂಲೆಯಲ್ಲಿ ಕುಳಿತಿದ್ದ ಮಠದ ಅಯ್ಯನವರ ಕಡೆಗೆ ತಿರುಗಿದಳು.

"ಅಯ್ನಾರ, ಹುಟ್ಟಿದ ಸೂತಕ, ಸತ್ತ ಸೂತಕ, ಲಿಂಗ ಕಟ್ಟಿದವರಿಗೆ ಯಾವ ಸೂತಕಾನೂ ಇಲ್ಲ ಅಂತ ನೀವ ಹೇಳತೀರಿಲ್ಲೊ? ಬರೇ ಹೇಳೂದಕ್ಕ ಐತೋ, ನಡಸೂದಕ್ಕೂ ಐತೋ?"

ಅಯ್ಯನವರು ಮುದುಕರು. "ನಡಸೂದಕ್ಕೂ ಐತಿ, ತಾಯಿ. ಇಡು," ಎಂದರು.

ಈಗ ಫೋಟೋದವರೇ ತಲೆ ಕೆರೆದುಕೊಂಡರು. ತಾಯಿ ಅಲುಗಾಡುವುದಿಲ್ಲ, ಸರಿ. ಕೂಸು ಅಷ್ಟು ಹೊತ್ತು ಸುಮ್ಮನಿರುತ್ತದೆಯೇ? ಬೆಳಕು ಬೇಕೇ ಬೇಕು, ಬೇಗ ಮುಗಿಯಬೇಕು. ಆಗ ನನ್ನ ಕೈ ಕೋಟಿನ ಜೇಬಿಗೆ ಹೋಯಿತು.

ಒಂದಿಷ್ಟು ಪಟ್ಟಿ ಮುರಿದು ಹುರಿ ಹೊಸೆದಂತೆ ಹೊಸೆದೆ. ಅಡುಗೆಮನೆಯ ಚಿಮಟ ತರಿಸಿದೆ, ಬೂದಿ ಬೀಳಲು ಕೆಳಗೆ ಹಿತ್ತಾಳೆಯ ತಟ್ಟೆ ಇಟ್ಟೆ. ಬೇರೆ ದೀಪ ಯಾಕೆ, ಅವಳ ಪಕ್ಕದಲ್ಲಿ ಉರಿಯುತ್ತಿದ್ದ ಎಣ್ಣೆಯ ದೀಪವೇ ಇತ್ತು. ಅತ್ತೆ ಕೂಸನ್ನು ಮಗಳ ತೊಡೆಯ ಮೇಲೆ ಮಲಗಿಸಿದಳು. ತಾನು ಕಂಬದ ಮರೆಗೆ ಕುಳಿತು, ಮಗಳ ಸೆರಗಿನ ಕೆಳಗಿನಿಂದ ಕೈ ಚಾಚಿ ಕೂಸಿನ ತಲೆಯನ್ನು ಹಿಡಿದುಕೊಂಡಳು. ನೋಡುವವರಿಗೆ ತಾಯಿಯೇ ಹಿಡಿದಿದ್ದಾಳೆ ಎನಿಸಬೇಕು, ಹಾಗೆ.

"ಹಚ್ರಿ ಮಾಸ್ತರ," ಎಂದರು ಫೋಟೋದವರು.

ಪಟ್ಟಿ ಹೊತ್ತಿಕೊಂಡಾಗ ಪಡಸಾಲೆಯಲ್ಲಿದ್ದ ಹೆಂಗಸರು ಒಟ್ಟಿಗೇ ಉಸಿರು ಎಳೆದರು. ಆ ಮನೆ ಕಟ್ಟಿದಾಗಿನಿಂದ ಅದರೊಳಗೆ ಅಂಥ ಬೆಳಕು ಬಿದ್ದಿರಲಿಲ್ಲ. ನಾನು ಉರಿ ನೋಡಲಿಲ್ಲ, ಹುಡುಗರಿಗೆ ಹೇಳಿದಂತೆ ಬಾಜೂಕ್ಕೆ ನೋಡಿದೆ. ಬಾಜೂಕ್ಕೆ ಅವಳ ಮುಖವಿತ್ತು. ನಾನು ಅವಳ ಮುಖವನ್ನು ಅಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಲ್ಲ. ಹಿರಿಯರ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡಿರು ಒಬ್ಬರನ್ನೊಬ್ಬರು ನಿಟ್ಟಿಸಿ ನೋಡುವ ಪದ್ಧತಿಯೇ ಇರಲಿಲ್ಲ. ಅವಳ ಬಲಗೆನ್ನೆಯ ಮೇಲೆ ಸಣ್ಣದೊಂದು ಗಾಯದ ಗುರುತಿತ್ತು. ಅದು ನನಗೆ ಗೊತ್ತೇ ಇರಲಿಲ್ಲ. ಕೇಳೋಣವೆಂದರೆ ಕೇಳುವುದು ಯಾರನ್ನು?

ನನ್ನ ಕೈ ನಡುಗಿದಂತೆ ಬೆಳಕು ಅಲುಗಿತು, ಬೆಳಕು ಅಲುಗಿದಂತೆ ಅವಳ ತುಟಿಯ ಕೆಳಗಿನ ನೆರಳು ಅಲುಗಿತು. ಏನೋ ಹೇಳಲು ಬಾಯಿ ತೆರೆದಂತೆ ಕಂಡಿತು. ನಾವು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಬಳೆ ಸಪ್ಪಳ ಮಾಡಿದರೆ ನಾನು "ಏನ?" ಎನ್ನುವುದು, ಅಷ್ಟೇ ನಮ್ಮ ಕರೆ. ಆವತ್ತೂ ಎಲ್ಲರ ಮುಂದೆ "ಏನ?" ಎಂದುಬಿಟ್ಟೆ.

"ಆತ್ರಿ, ಆತು," ಎಂದರು ಫೋಟೋದವರು, ತಮ್ಮನ್ನೇ ಕೇಳಿದೆನೆಂದುಕೊಂಡು. ಮುಚ್ಚಳ ಹಾಕಿದರು. ಪಟ್ಟಿ ಆರಿತು. ಮೊದಲಿಗಿಂತ ಹೆಚ್ಚಿನ ಕತ್ತಲಾಯಿತು.

ಮಣ್ಣು ಮುಗಿಸಿ ಬಂದ ಮೇಲೆ ನೋಡುತ್ತೇನೆ, ಅತ್ತೆ ಹಿತ್ತಾಳೆಯ ತಟ್ಟೆಯಿಂದ ಆ ಬಿಳಿ ಬೂದಿಯನ್ನು ಒಂದು ಕಣವೂ ಚೆಲ್ಲದಂತೆ ಬಳಿದು ವಿಭೂತಿಯ ಬಟ್ಟಲಿಗೆ ತುಂಬಿಕೊಳ್ಳುತ್ತಿದ್ದಾಳೆ. ಬೆರಳಿಗೆ ನೀರು ಹಚ್ಚಿ ಅದರಲ್ಲಿ ಅದ್ದಿ ಕೂಸಿನ ಹಣೆಗೆ ಎಳೆದಳು. ಲಾಯದ ವಾಸನೆ ನನ್ನ ಮೂಗಿಗೆ ಬಂತು. ಕೂಸು ಮುಖ ಕಿವಿಚಿತು.

"ಅತ್ತಿ, ಅದು ವಿಭೂತಿ ಅಲ್ರಿ. ಲೋಹದ ಬೂದಿ ಅದು," ಎಂದೆ.

"ಅಂಥಾ ಬೆಳಕಿನ ಬೂದಿ ಭಸ್ಮ ಅಲ್ದ ಮತ್ತೇನ್ರಿ?" ಎಂದಳು.

ಹೊಟ್ಟೆನೋವಿಗೆ ದವಾಖಾನೆಯಲ್ಲಿ ಕೊಡುವ ಪುಡಿಯೂ ಅದೇ, ಕೂಸಿಗೆ ಕೆಡುಕಿಲ್ಲವೆಂದು ಸುಮ್ಮನಾದೆ. ಆ ಬಟ್ಟಲು ಬರಿದಾಗುವವರೆಗೂ ಕೂಸಿಗೆ ದಿನವೂ ಅದನ್ನೇ ಹಚ್ಚಿದಳಂತೆ. ಓದಿಲ್ಲದ ಹೆಂಗಸಿನ ಮೂಢನಂಬಿಕೆ ಎಂದು ಆಗಲೇ ಅವಳ ಲೆಕ್ಕ ಮುಗಿಸಿಬಿಟ್ಟೆ.

ಫೋಟೋ ತರಲು ಹೋದಾಗ ಫೋಟೋದವರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. "ಕೂಸು ಅಲಗಾಡೇತಿ ಮಾಸ್ತರ. ಬ್ಯಾರೆ ಫೋಟೋ ಇಲ್ಲ, ತಗದದ್ದು ಒಂದ ಕಾಚಿನ ಪ್ಲೇಟ. ಜೀವ ಇದ್ದದ್ದು ಅಲಗಾಡತೈತಿ, ನಾ ಏನ ಮಾಡ್ಲಿ?" ಚಿತ್ರದಲ್ಲಿ ನನ್ನ ಹೆಂಡತಿಯ ಒಂದೊಂದು ರೆಪ್ಪೆಯೂ ಎಣಿಸಬಹುದಾದಂತಿತ್ತು. ಕೂಸು ಇರಬೇಕಾದಲ್ಲಿ ಬರೀ ಬಿಳಿ ಮಬ್ಬು, ಹೊಗೆ ಎಳೆದಂತೆ. ಸತ್ತವಳು ಬದುಕಿದವಳಂತೆ, ಬದುಕಿದ್ದು ದೆವ್ವದಂತೆ. ನಾನು ಅವಳ ಮುಖ ಮಾತ್ರ ನೋಡಿದೆ. ಮೂಡಲಗಿಗೆ ಒಯ್ದು ಅತ್ತೆಯ ಕೈಗೆ ಕೊಟ್ಟೆ. ಅವಳು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ಎಷ್ಟು ಜಗಳಾಡಿ ತೆಗೆಸಿದ ಫೋಟೋ ಅದು! ಬಟ್ಟೆಯಲ್ಲಿ ಸುತ್ತಿ ಸಂದೂಕಿನ ತಳಕ್ಕೆ ಹಾಕಿ ಕೀಲಿ ತಿರುಗಿಸಿದಳು.

"ಇದನ್ನ ಕೂಸಿಗೆ ತೋರಸಬ್ಯಾಡ್ರಿ, ಅಳಿಯಾರ. ನನ್ನನ್ನೂ ಕೇಳಬ್ಯಾಡ್ರಿ."

ಕೂಸು ಮಬ್ಬಾಗಿ ಬಂದದ್ದು ಅಪಶಕುನವೆಂದು ಅಂಜಿದ್ದಾಳೆ ಎಂದುಕೊಂಡೆ. ಕೂಸನ್ನು ಸಾಕುತ್ತಿರುವವಳು ಅವಳು, ಅವಳು ಹೇಳಿದಂತೆಯೇ ಆಗಲಿ ಎಂದು ಗೋಕಾಕಕ್ಕೆ ಮರಳಿದೆ.

ನಾನು ಮತ್ತೆ ಮದುವೆಯಾಗಲಿಲ್ಲ. ಮಗಳು ಮೂಡಲಗಿಯಲ್ಲೇ ಬೆಳೆದಳು. ರಜೆಗೆ ಹುಕ್ಕೇರಿಯ ನಮ್ಮ ಮನೆಗೆ ಕರೆದೊಯ್ದರೆ ಅಲ್ಲಿ ನನ್ನ ತಾಯಿ, ಓಣಿಯ ಹೆಂಗಸರು, ಅವಳು ಕೇಳುವಂತೆಯೇ ಅನ್ನುತ್ತಿದ್ದರು: "ತಾಯಿನ್ನ ತಿಂದಾಕಿ." ಸಿಟ್ಟಿನಿಂದಲೂ ಅಲ್ಲ, ಊರಿನ ಹೆಸರು ಹೇಳಿದಂತೆ. ನಾನು ಒಮ್ಮೆ ತಂಬಿಗೆ ಎಸೆದು ಕೂಗಾಡಿದೆ. ಅಂದಿನಿಂದ ನನ್ನ ಮುಂದೆ ಅನ್ನುವುದು ಬಿಟ್ಟರು, ಅಷ್ಟೇ. ಮಗಳು ಏನೂ ಕೇಳುತ್ತಿರಲಿಲ್ಲ. ಬರೀ ಒಂದೇ ಪ್ರಶ್ನೆ, ಅದೂ ಆಗಾಗ: "ಅವ್ವ ಹೆಂಗಿದ್ಲು?" ನಿನ್ನ ಹಾಗೆಯೇ ಎಂದರೆ ಕನ್ನಡಿಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಹೈಸ್ಕೂಲಿಗೆಂದು ಅವಳನ್ನು ಗೋಕಾಕಕ್ಕೆ ಕರೆತಂದೆ. ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು, ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅವಳು ನನ್ನ ತರಗತಿಗೆ ಬಂದ ವರ್ಷ ಯುದ್ಧ ನಡೆದಿತ್ತು, ಬಾಂಬು ಮಾಡಲು ಮ್ಯಾಗ್ನೀಸಿಯಂ ಬೇಕಂತೆ, ಮುಂಬೈಯಿಂದ ಮಾಲು ಬರುತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಈ ಸಲ ಬಾಯಿಪಾಠದಲ್ಲೇ ಮುಗಿಸಿಬಿಡೋಣ, ಯುದ್ಧದ ನೆಪ ಇದೆಯಲ್ಲ ಎಂದು ಒಳಗೊಳಗೇ ನಿರಾಳವಾಗಿದ್ದೆ. ಅವಳೇ ಎದ್ದು ನಿಂತಳು.

"ಸರ್, ಪ್ರತಿ ವರ್ಷ ಹಚ್ಚಿ ತೋರಸ್ತೀರಂತ. ನಮಗ್ಯಾಕ ಇಲ್ರಿ?"

ಸಾಲೆಯಲ್ಲಿ ಅವಳು ನನ್ನನ್ನು ಸರ್ ಎನ್ನಬೇಕು, ನಾನೇ ಹೇಳಿಕೊಟ್ಟದ್ದು. ಕಿಟಕಿ ಮುಚ್ಚಿಸಿದೆ. ಉರಿ ನೋಡಬೇಡಿ ಎಂದೆ. ಹಚ್ಚಿದೆ. ಹಿಂದಿನ ಗೋಡೆಗೆ ಅವಳ ತಾಯಿ ಬಂದು ಕುಳಿತಳು. ಎಂದಿನಂತೆಯೇ, ಆ ಗಾಯದ ಗುರುತಿನ ಸಮೇತ. ಪಟ್ಟಿ ಆರಿತು, ಕಿಟಕಿ ತೆರೆಸಿದೆ, ಬೂದಿ ತೂಗಿದೆ, ಜಗಳಕ್ಕೆ ನಿಂತ ಹುಡುಗನಿಗೆ ಉತ್ತರ ಕೊಟ್ಟೆ. ಎಲ್ಲವೂ ನೆಟ್ಟಗೇ ನಡೆಯಿತು ಎಂದುಕೊಂಡೆ.

ಸಂಜೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತವಳು ತಲೆ ಎತ್ತದೆ ಕೇಳಿದಳು: "ಅಪ್ಪಾ, ಅದು ಉರಿಯೂಮುಂದ ನೀ 'ಏನ' ಅಂದಿ. ಯಾರಿಗಂದಿ?"

"ನಾ ಏನೂ ಅಂದಿಲ್ಲ."

"ಅಂದಿ. ಉರಿ ನೋಡಬ್ಯಾಡ್ರಿ ಅಂದ್ಯಲ್ಲ, ಅದಕ್ಕ ನಾ ನಿನ್ನ ಮಾರಿ ನೋಡಾಕತ್ತಿದ್ನಿ. ತುಟಿ ಅಲಗಿತು."

ಅಷ್ಟು ವರ್ಷ ಪ್ರತಿ ಸಲವೂ ನಾನು ಹಾಗೆನ್ನುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ. ಗಂಡುಹುಡುಗರು ಯಾರೂ ನನ್ನ ಮುಖ ನೋಡಿರಲಿಲ್ಲ. ಮತ್ತೊಂದು ಸುಳ್ಳು ಹೇಳಹೊರಟವನು ಅವಳ ಪಕ್ಕ ಕುಳಿತುಬಿಟ್ಟೆ. ಎಲ್ಲವನ್ನೂ ಹೇಳಿದೆ. ಫೋಟೋ ಇದೆ ಎಂಬುದನ್ನೂ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಭಾನುವಾರ, ಪೆಟ್ರೋಲ್ ಸಿಗದೆ ಇದ್ದಲಿನ ಹೊಗೆಯಿಂದ ಓಡಿಸುತ್ತಿದ್ದ ಬಸ್ಸಿನಲ್ಲಿ ಮೂಡಲಗಿಗೆ ಹೋದೆವು. ಅತ್ತೆಗೆ ಆಗ ಕಣ್ಣು ಮಂಜಾಗಿತ್ತು. ಮೊಮ್ಮಗಳು ಮುಂದೆ ಕುಳಿತು, "ಆಯಿ, ಅವ್ವನ ಫೋಟೋ ಕೊಡು," ಎಂದಳು. ಅತ್ತೆ ನನ್ನ ಕಡೆಗೆ ಒಂದು ನೋಟ ಹಾಕಿದಳು. ಬೈಯುತ್ತಾಳೆಂದುಕೊಂಡೆ. ಬೈಯದೆ ಸೊಂಟದ ಕೀಲಿ ತೆಗೆದುಕೊಟ್ಟಳು.

ಮಗಳು ಫೋಟೋ ಹಿಡಿದು ಬಹಳ ಹೊತ್ತು ತಾಯಿಯ ಮುಖ ನೋಡಿದಳು. ತನ್ನ ಕೆನ್ನೆ ಮುಟ್ಟಿಕೊಂಡಳು, ಮೂಗು ಮುಟ್ಟಿಕೊಂಡಳು. ಆಮೇಲೆ ಕೆಳಗಿನ ಬಿಳಿ ಮಬ್ಬಿನ ಮೇಲೆ ಬೆರಳಿಟ್ಟಳು.

"ಇದು ನಾನೇನು?"

"ಹೌದವ್ವ," ಎಂದು ನಾನು ಮಾಸ್ತರಿಕೆ ಶುರು ಮಾಡಿದೆ. "ಕೂಸು ಬೆಳಕಿಗೆ ಬೆಚ್ಚಿತ್ತು, ಅದಕ್ಕ ಹಿಂಗ ಬಂದೈತಿ. ಅಪಶಕುನ ಗಿಪಶಕುನ ಏನೂ ಇಲ್ಲ."

"ಬೆಚ್ಚಲಿಲ್ರಿ," ಎಂದಳು ಅತ್ತೆ.

ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳತೊಡಗಿದಳು. "ಅದರ ತೆಲಿ ನನ್ನ ಕೈಯಾಗಿತ್ತು. ಬೆಳಕ ಬಿದ್ದಕೂಡ್ಲೆ ತೆಲಿ ಹೊರಳಿಸ್ತು. ಬೆಳಕಿನ ಕಡಿಗಲ್ಲ, ಅವ್ವನ ಕಡಿಗಿ. ಬಾಯಿ ತಗದು ಎದಿ ಹುಡುಕಾಕತ್ತಿತು. ಸತ್ತಾಕಿ ಎದಿಯಾಗ ಹಾಲ ಹುಡುಕಾಕತ್ತಿತು. ನಾ ಹಿಡದ ಎಳದ್ರೂ ಬಿಡವಲ್ದು. ಫೋಟೋ ಬಂದಾಗ ನೋಡಿದ್ನಿ, ಹಂಗ ಬಂದಿತ್ತು, ಬಾಯಿ ಎದಿಗೆ ಹೋದಂಗ. ಹುಕ್ಕೇರ್ಯಾಗ ಮೊದ್ಲ ತಾಯಿನ್ನ ತಿಂದಾಕಿ ಅಂತಾರ. ಇದನ್ನ ಕಂಡ್ರ ಬಿಡತಾರೇನ್ರಿ? ನಾಳೆ ಇಕೀನ ಇದನ್ನ ಕಂಡು, ಅವ್ವನ್ನ ತಿಂದಾಕಿ ನಾನ ಹೌದ ಅಂದ್ಕೊಂಡ್ರ ನಾ ಏನ ಮಾಡ್ಲಿ?"

ಫೋಟೋವನ್ನು ಮಗಳ ಭುಜದ ಮೇಲಿಂದ ಬಗ್ಗಿ ನೋಡಿದೆ. ಮಬ್ಬು ಎಲ್ಲಿಂದ ಎಲ್ಲಿಗೆ ಸಾಗಿದೆ ಎಂಬುದು ಈಗ ನಿಚ್ಚಳವಾಗಿ ಕಾಣುತ್ತಿತ್ತು. ತೊಡೆಯಿಂದ ಎದೆಯ ಕಡೆಗೆ. ಅವಳ ಮುಖ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ಆ ಹೆಂಗಸು ಅಷ್ಟೂ ವರ್ಷ ಒಬ್ಬಳೇ ಅದನ್ನು ಹೊತ್ತುಕೊಂಡಿದ್ದಳು. ಮಗಳು ಏನೆಂದುಕೊಳ್ಳುತ್ತಾಳೋ ಎಂದು ಅಂಜಿದೆ. ಅವಳ ಮುಖ ನೋಡುವ ಧೈರ್ಯ ಅತ್ತೆಗೂ ಇರಲಿಲ್ಲ, ನನಗೂ ಇರಲಿಲ್ಲ.

ಅವಳು ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡಳು.

"ಕೂಸಿಗೆ ಹಸಿವಿ ಆಗಿತ್ತ, ಆಯಿ," ಎಂದಳು. "ಅಷ್ಟ."

ಹಾಗೆಂದು, ಅಳುವ ಮಗುವನ್ನು ಸುಮ್ಮನಾಗಿಸುವವರಂತೆ, ಆ ಬಿಳಿ ಮಬ್ಬಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತ ಕುಳಿತಳು.